ಖಲಂದರನನ್ನು ಕೆಡವಿದ ಅಲೆ

“ಆ ಅಲೆ ಎಷ್ಟೆತ್ತರ ಇತ್ತು ಅಂತ ಜನಕ್ಕೆ ಒಸಿ ಹೇಳ್ಲಾ,” ಎನ್ನುತ್ತ ಪುಟ್ಟಸ್ವಾಮಿ ಮೊಬೈಲನ್ನು ಖಲಂದರನ ಮುಖಕ್ಕೆ ಹಿಡಿದ.

ಖಲಂದರ್ ಗಿಟಾರನ್ನು ತೊಡೆಯ ಮೇಲೆ ಸರಿಮಾಡಿಕೊಂಡ. ಆರು ವರ್ಷದಿಂದ ಕೊಟ್ಟ ಉತ್ತರವನ್ನೇ ಕೊಟ್ಟು ಅದು ಬಾಯಿಪಾಠವಾಗಿತ್ತು. “ಸಾವನದುರ್ಗದ ಬೆಟ್ಟವೇ ಎದ್ದು ಬಂದಂಗೆ ಬಂತು ಕಣ್ಲಾ. ನನ್ನ ಎತ್ತಿ ಒಗೀತು. ಕಾಲು ಉಳುಕಿ ಮೂರು ತಿಂಗಳು ಇದೇ ಶೆಡ್ಡಲ್ಲಿ ಕೂತೆ. ಸುಮ್ನೆ ಕೂರಕಾಗದೆ ಗಿಟಾರ್ ಹಿಡ್ದೆ, ಆ ಅಲೆ ಮೇಲೇ ಹಾಡು ಕಟ್ಟಿದೆ.”

ಪಕ್ಕದಲ್ಲಿ ಅವನ ತಂದೆ ಇಮಾಮ್ ಸಾಬ್ರು ಮರ ಕಡೆಯುವ ಲೇತಿನ ಮುಂದೆ ಕೂತು, ತಿರುಗುತ್ತಿದ್ದ ಬುಗುರಿಗೆ ಕೆಂಪು ಅರಗು ಒತ್ತುತ್ತಿದ್ದರು. ಕೆಲಸದಿಂದ ಕಣ್ಣೆತ್ತದೆಯೇ ಮಗನ ಮಾತಿಗೆ ತಲೆದೂಗಿದರು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಖಲಂದರನನ್ನು ಎರಡು ಚೀಲ ಗೊಂಬೆ ಕೊಟ್ಟು ಚನ್ನಪಟ್ಟಣದಿಂದ ಮಂಗಳೂರಿಗೆ ಕಳಿಸಿದ್ದವರು ಅವರೇ. ಹುಡುಗ ಗೊಂಬೆಯನ್ನೇನೋ ಮಾರಿದ, ವಾಪಸ್ ಮಾತ್ರ ಬರಲಿಲ್ಲ. ಸಮುದ್ರದ ಅಲೆ ಏರಿ ಹಲಗೆಯ ಮೇಲೆ ಜಾರುವ ಹುಚ್ಚು ಹತ್ತಿಸಿಕೊಂಡು ಒಂಬತ್ತು ವರ್ಷ ಅಲ್ಲೇ ಉಳಿದ. ಮಗ ಏನು ಮಾಡ್ತವ್ನೆ ಎಂದು ಯಾರಾದರೂ ಕೇಳಿದರೆ ಸಾಬ್ರು, “ಹಲಗೆ ಮೇಲೆ ನಿಂತವ್ನೆ,” ಎಂದು ಮಾತು ಮುಗಿಸುತ್ತಿದ್ದರು. ಈಗ ನೋಡಿದರೆ ಅವನ ಅಲೆಯ ಹಾಡು ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲೂ ಕೇಳುತ್ತದೆ, ಕನಕಪುರದ ಬಸ್ಸಿನಲ್ಲೂ ಕೇಳುತ್ತದೆ. ನಾಳೆ ಅವನು ಹಾಡಲು ಗೋವಾಕ್ಕೆ ಹೊರಟಿದ್ದಾನೆ, ಆರು ತಿಂಗಳಿಗೆ.

ಪುಟ್ಟಸ್ವಾಮಿ ಮೊಬೈಲನ್ನು ತಿರುಗಿಸಿ ಹಿಡಿದ. ಅವನು ಖಲಂದರನ ಜೊತೆ ಓದಿದವನು, ಈಗ ಮಾಗಡಿಯಲ್ಲಿ ಕೂತು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಬೆಣ್ಣೆಯಂಥ ಮಾತು, ಒಳಗೆ ಮುಳ್ಳು. “ಅವತ್ತಿನ ಪಂದ್ಯದ ವಿಡಿಯೋ ಸಿಕ್ತು ಕಣ್ಲಾ. ನೋಡು.”

ವಿಡಿಯೋದಲ್ಲಿ ಸಮುದ್ರ ಕೆರೆಯಂತೆ ತಣ್ಣಗಿತ್ತು. ಮೊಣಕಾಲಿಗೂ ಬಾರದ ಒಂದು ಬಡಪಾಯಿ ಅಲೆ ಬಂತು. ಖಲಂದರ್ ಹಲಗೆಯ ಮೇಲೆ ಎದ್ದು ನಿಂತ, ಮರುಕ್ಷಣ ಎರಡು ಕಾಲೂ ಆಕಾಶಕ್ಕೆ ಹೋದವು. ದಡದಲ್ಲಿದ್ದ ಜನ ಬಿದ್ದು ಬಿದ್ದು ನಕ್ಕರು.

“ಇದ್ರಲ್ಲಿ ಸಾವನದುರ್ಗ ಎಲ್ಲೈತ್ಲಾ? ಸುಳ್ಳು ಹಾಡು ಹಾಡ್ಕಂಡು ಗೋವಾಕ್ಕೆ ಹೊಂಟೀಯಾ?”

ನಿಜ ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಖಲಂದರ್. ಕಾಲು ಜಾರದಿರಲೆಂದು ಆ ಹಲಗೆಗೆ ಮೇಣ ಉಜ್ಜುತ್ತಾರೆ. ನೋಡುವುದಕ್ಕೆ ಅದು ಅಂಟಂಟು, ಕೊಳಕು. ಪಂದ್ಯಕ್ಕೆ ಮೂರು ದಿನ ಮುಂಚೆ ಅವನು ಹಲಗೆಯೊಂದಿಗೆ ಎರಡು ದಿನಕ್ಕೆಂದು ಮನೆಗೆ ಬಂದಿದ್ದ. ಹೊಳಪು ಕೊಡದೆ ಲಟ್ಟಣಿಗೆಯನ್ನೂ ಮನೆಯಿಂದ ಆಚೆ ಬಿಡದ ಸಾಬ್ರು ಮೇಣವನ್ನೆಲ್ಲ ಕೆರೆದು, ಅರಗು ಬಳಿದು, ಕೇದಗೆ ಗರಿಯಿಂದ ಮುಖ ಕಾಣುವಷ್ಟು ಉಜ್ಜಿ, ತಾವೇ ಚೀಲದಲ್ಲಿ ಕಟ್ಟಿ ಕೊಟ್ಟಿದ್ದರು. ದಡದಲ್ಲಿ ಅವನು ಚೀಲ ಬಿಚ್ಚುವ ಹೊತ್ತಿಗೆ ಸೀಟಿ ಊದಿಯಾಗಿತ್ತು, ಮತ್ತೆ ಮೇಣ ಉಜ್ಜಲು ಹೊತ್ತಿರಲಿಲ್ಲ. ಅಬ್ಬಾನ ಪ್ರೀತಿಯೇ ತನ್ನನ್ನು ಕೆಡವಿತೆಂದು ಅವರಿಗೆ ಹೇಳುವುದು ಹೇಗೆ? ಅದಕ್ಕೇ ಅಲೆಯನ್ನು ಬೆಟ್ಟ ಮಾಡಿದ್ದ. ಈಗಲೂ ಅವನಿಗೆ ಹಾಡಿನ ಮಾನಕ್ಕಿಂತ ಆ ಮುದುಕನ ಮನಸ್ಸೇ ದೊಡ್ಡದಾಗಿ ಕಂಡಿತು.

“ಅಲೆ ಸುಳ್ಳು ಕಣ್ಲಾ,” ಎಂದ. “ಸೊಕ್ಕಿತ್ತು, ನಾನೇ ಜಾರ್ದೆ. ಹಂಗೇ ಹಾಕ್ಕೋ.”

ಲೇತ್ ನಿಂತಿತು.

“ಅವನಲ್ಲ ಪುಟ್ಟಸ್ವಾಮಿ,” ಎಂದರು ಇಮಾಮ್ ಸಾಬ್ರು. “ಕೆಡವಿದ್ದು ನಾನು. ಹಲಗೆಗೆ ಅರಗು ಹಾಕ್ದೋನು ನಾನೇ.”

ಖಲಂದರ್ ಅವರ ಕಡೆ ತಿರುಗಿದ. “ಬುಡಿ ಅಬ್ಬಾ. ಚಂದ ಕಾಣ್ಲಿ ಅಂತ ಹಾಕಿದ್ರಿ. ಜಾರ್ತದೆ ಅಂತ ನಿಮಗೇನ್ ಗೊತ್ತಿತ್ತು?”

ಸಾಬ್ರು ಮಗನನ್ನು ಕನಿಕರದಿಂದ ನೋಡಿದರು. “ನಲವತ್ತು ವರ್ಷ ಅರಗಿನ ಕೆಲಸ ಮಾಡೀವ್ನಿ. ಯಾವುದರ ಮೇಲೆ ಕಾಲು ನಿಲ್ತದೆ, ಯಾವುದರ ಮೇಲೆ ನಿಲ್ಲಾಕಿಲ್ಲ ಅಂತ ಗೊತ್ತಿಲ್ವಾ ನಂಗೆ? ಒಂಬತ್ತು ವರ್ಷ, ಸಮುದ್ರದ ಸುದ್ದಿ ಬಂದಾಗೆಲ್ಲ ನಿಮ್ಮಮ್ಮಿ ಅನ್ನ ಬುಡೋಳು. ನಡುನೀರಿಗೆ ಹೋಗಿ ಮುಳುಗೋ ಬದ್ಲು ದಡದಲ್ಲೇ ಬೀಳ್ಲಿ, ಮನೆಗೆ ಬರ್ಲಿ ಅಂತಾನೇ ಉಜ್ಜಿದ್ದು.”

ಪುಟ್ಟಸ್ವಾಮಿಯ ಮೊಬೈಲ್ ತಾನಾಗಿಯೇ ಕೆಳಗಿಳಿಯಿತು. ಖಲಂದರನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ನಗು ಬಂತು. ನಿಜ ಯಾರ ಕಿವಿಗೆ ಬೀಳಬಾರದೆಂದು ಆರು ವರ್ಷ ಊರೂರಲ್ಲಿ ಸುಳ್ಳು ಹಾಡಿದ್ದನೋ ಅವರೇ ಪ್ರತಿ ಸಲವೂ ಬುಗುರಿ ಕಡೆಯುತ್ತ ಅದಕ್ಕೆ ತಲೆದೂಗಿದ್ದರು.

ಸಾಬ್ರು ಎದ್ದು ಮೂಲೆಯಿಂದ ಒಂದು ಕೇದಗೆ ಗರಿ ತೆಗೆದು, ಧೂಳು ಊದಿ, ಮಗನ ಕಡೆ ಕೈ ಚಾಚಿದರು.

“ನಾಳೆ ಗೋವಾ ಅಲ್ವಾ? ಆರು ತಿಂಗಳು. ಗಿಟಾರ್ ಒಸಿ ಮಂಕಾಗೈತೆ. ಇತ್ಲಾಗೆ ಕೊಡು.”

ಖಲಂದರ್ ಗಿಟಾರನ್ನು ಎದೆಗವಚಿಕೊಂಡು ಬಾಗಿಲವರೆಗೆ ಹಿಂದಕ್ಕೆ ಸರಿದ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಖತೀಜಾಳ ದನಿ ಮೆತ್ತಗೆ ಬಂತು:

“ಕೊಡು ಬೇಟಾ, ಚಂದ ಮಾಡ್ಕೊಡ್ತಾರೆ.”