ಮೇರಿ ಮಾತೆಯ ನೀಲಿ

"ದೀಪ ಆರೋಯ್ತು ಕಣೇ, ಇನ್ನೊಂದು ನಾಣ್ಯ ಹಾಕು," ಎಂದ ಎರ್ಮಾನೊ, ಕೆಥೆಡ್ರಲ್ಲಿನ ಗೋಡೆಚಿತ್ರದತ್ತ ಮುಖವೆತ್ತಿಕೊಂಡೇ.

ದೀಪ ಆರಿರಲಿಲ್ಲ. ಅದರ ಬೆಳಕು ಅವನ ಕೆನ್ನೆಯ ಮೇಲೂ ಬಿದ್ದಿತ್ತು. ಕಣ್ಣು ಪೂರ್ತಿ ಹೋಗುವ ಮುಂಚೆ ಮೇರಿ ಮಾತೆಯ ನೀಲಿ ನಿಲುವಂಗಿಯನ್ನು ಇನ್ನೊಮ್ಮೆ ನೋಡಬೇಕೆಂದು ಹಟ ಹಿಡಿದು ಬಂದಿದ್ದ. ನಾಣ್ಯ ಹಾಕಿದರೆ ಚಿತ್ರದ ಮೇಲೆ ಸ್ವಲ್ಪ ಹೊತ್ತು ದೀಪ ಉರಿಸುವ ಪೆಟ್ಟಿಗೆಯೊಂದು ಅಲ್ಲಿತ್ತು; ಹೆಂಡತಿ ಓರ್ನೆಲ್ಲಾ ಅದಕ್ಕೆ ಇನ್ನೊಂದು ನಾಣ್ಯ ಹಾಕಿದಳು. ಅದು ಠಣ್ ಎಂದು ಒಳಗೆ ಬಿತ್ತು.

"ಹತ್ತಲಿಲ್ವಲ್ಲೇ?"

"ಪೆಟ್ಟಿಗೆ ಕೆಟ್ಟೋಗಿದೆ ಕಣ್ರೀ."

"ಈ ಪಾದ್ರಿಗಳೇ ಹೀಗೆ! ನಾಣ್ಯ ನುಂಗ್ತಾರೆ, ಬೆಳಕು ಮಾತ್ರ ಕೊಡಲ್ಲ," ಎಂದು ನಕ್ಕ.

ಅಷ್ಟರಲ್ಲಿ ಬೆನ್ನ ಹಿಂದೆ ಮಿಲಾನಿನಿಂದ ಬಂದಿದ್ದ ಹೆಂಗಸೊಬ್ಬಳು ಗೆಳತಿಗೆ ಹೇಳಿದಳು: "ಅಬ್ಬಾ, ಆ ನಿಲುವಂಗಿ ನೋಡೇ, ಎಂಥಾ ನೀಲಿ!"

ಎರ್ಮಾನೊನ ನಗು ಅಲ್ಲೇ ನಿಂತಿತು. ಹೆಂಡತಿಯ ತೋಳಿಗಾಗಿ ಕೈ ಚಾಚಿದ. ಅವಳು ನಿಂತಿದ್ದದ್ದು ಇನ್ನೊಂದು ಪಕ್ಕದಲ್ಲಿ.