ಗಾದಿಲಿಂಗಪ್ಪನ ನಲವತ್ತೆರಡು ದಿನ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಗಾದಿಲಿಂಗಪ್ಪನದು. ಹನ್ನೆರಡು ಮಷಿನ್. ಊಟವನ್ನೂ ನಿಂತುಕೊಂಡೇ ಮುಗಿಸುವ ಮನುಷ್ಯ...

ಅಂಥವನನ್ನು ಒಂದು ಕುರು ಕೆಡವಿತು.

ತೊಡೆಯ ಮೇಲೆ ಎದ್ದಿದ್ದ ಕುರುವನ್ನು ತಾನೇ ಹಿಸುಕಿಕೊಂಡಿದ್ದ. ವಾರ ಕಳೆಯುವಷ್ಟರಲ್ಲಿ ಮೈ ನಡುಗಿಸುವ ಚಳಿಜ್ವರ... ಬಟ್ಟೆ ಕತ್ತರಿಸುತ್ತಿದ್ದವನು ಟೇಬಲ್ ಪಕ್ಕದಲ್ಲೇ ಕುಸಿದ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್ ಎಲ್ಲ ಆದ ಮೇಲೆ ಡಾಕ್ಟರ್ ಮೇಡಂ ಹೇಳಿದರು:

"ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ನಿಮ್ಮ ಹಾರ್ಟಿನ ವಾಲ್ವ್ ಮೇಲೆ ಗೂಡು ಕಟ್ಟಿದೆ. ನಾಲ್ಕು ಗಂಟೆಗೊಮ್ಮೆ ನರಕ್ಕೆ ಆಂಟಿಬಯೋಟಿಕ್ ಕೊಡಬೇಕು. ಆರು ವಾರ."

"ಆರು ದಿನಾನಾ ಮೇಡಂ?"

"ಆರು ವಾರ."

ಎಂಟನೇ ದಿನಕ್ಕೆ ಜ್ವರ ಬಿಟ್ಟಿತು. ಹತ್ತನೇ ದಿನ ಹಸಿವಾಯಿತು. ಅಲ್ಲಿಂದ ಶುರುವಾಯಿತು ಚಡಪಡಿಕೆ...

ಕಿಟಕಿಗೆ ಹೋಗುವುದು, ಬರುವುದು. ಸಲೈನ್ ಸ್ಟ್ಯಾಂಡ್ ಎಳೆದುಕೊಂಡು ವಾರ್ಡಿನ ಉದ್ದಕ್ಕೂ ತಿರುಗುವುದು. ಗಂಟೆಗೊಮ್ಮೆ ಹೆಂಡತಿ ಸುಂಕಮ್ಮನಿಗೆ ಫೋನು.

"ಜಿಪ್ ಬಂದ್ವಾ? ಕಟಿಂಗ್ ಯಾರು ಮಾಡಕತ್ಯಾರೆ?"

"ಎಲ್ಲಾ ನಡದೈತೆ. ನೀವು ಸುಮ್ನೆ ಮಲಗ್ರಿ."

ಎಲ್ಲಾ ನಡೆದಿದೆಯಂತೆ... ನಾನಿಲ್ಲದೆಯಾ? ಆ ಮಾತು ಸೂಜಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಅವನಿಗೆ ತಡೆಯಲಾಗಲಿಲ್ಲ. ಮರುದಿನ ಪುಣೆಯಿಂದ ದೊಡ್ಡ ಪಾರ್ಟಿ ಬರುವುದಿತ್ತು. ಹಬ್ಬದ ಆರ್ಡರ್.

"ಮೇಡಂ, ನಾನು ಆರಾಮಾಗೀನಿ. ಮಾತ್ರೆ ಬರ್ದು ಕೊಡ್ರಿ, ಮನಿಯಾಗೆ ತಗಂತೀನಿ."

"ನಿಮಗೆ ಆರಾಮ ಅನಿಸ್ತಿದೆ, ವಾಲ್ವಿಗೆ ಇನ್ನೂ ಆಗಿಲ್ಲ. ಆ ಗೂಡಿನ ಒಳಗಡೆ ಔಷಧಿ ಇಳಿಯೋದು ಬಹಳ ನಿಧಾನ. ಈಗ ನಿಲ್ಲಿಸಿದರೆ ಉಳಿದವು ಮತ್ತೆ ಏಳ್ತವೆ."

ಅವನ ಕಿವಿಗೆ ಹೋಗಲಿಲ್ಲ. ಹಟ ಹಿಡಿದು, 'ನನ್ನ ಸ್ವಂತ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ' ಎಂಬ ಕಾಗದ ತರಿಸಿದ. ಸರಸರನೆ ಸಹಿ ಹಾಕಿದ. ಅಂಗಿ ಬದಲಿಸಿ, ಮಂಚದ ಕೆಳಗೆ ಬಗ್ಗಿ ನೋಡಿದರೆ...

ಚಪ್ಪಲಿ ಇಲ್ಲ!

"ಯಾರು ತಗಂಡ್ರಿ ನನ್ ಚಪ್ಲಿ?" ವಾರ್ಡೆಲ್ಲ ತಿರುಗಿ ನೋಡುವಂತೆ ಕೂಗಿದ.

ನೆಲ ಒರೆಸುತ್ತಿದ್ದ ಆಯಾ ಹುಲಿಗೆಮ್ಮ ತಲೆ ಎತ್ತಿದಳು. ಹತ್ತೊಂಬತ್ತು ದಿನದಲ್ಲಿ ಅವನೊಂದಿಗೆ ಹತ್ತು ಮಾತೂ ಆಡದ ಹೆಂಗಸು.

"ನಾನೇ ಮುಚ್ಚಿಟ್ಟೀನಿ."

"ತಲೆ ಕೆಟ್ಟೈತಾ ನಿನಗೆ? ಈಗ್ಲೇ ಕಂಪ್ಲೇಂಟ್ ಕೊಡ್ತೀನಿ. ಕೆಲಸ ಹೋಗ್ತೈತೆ ನೋಡು!"

"ಹೋಗ್ಲಿ ಬಿಡು ಯಪ್ಪಾ."

ಆಕೆ ಒರೆಸುವ ಕೋಲನ್ನು ಗೋಡೆಗೆ ಆನಿಸಿ ಹತ್ತಿರ ಬಂದಳು. ಅವನ ಕೈಯಲ್ಲಿದ್ದ ಕಾಗದ ನೋಡಿದಳು.

"ನನಗೆ ಓದಾಕೆ ಬರಂಗಿಲ್ಲ. ಆದ್ರೆ ಈ ಕಾಗದ ದೂರದಿಂದ್ಲೇ ಗುರ್ತು ಹಿಡಿತೀನಿ. ನನ್ ಮಗ ಹನುಮೇಶಗೂ ಇದೇ ರೋಗ ಇತ್ತು. ಇಪ್ಪತ್ತು ದಿನಕ್ಕೆ ಎದ್ದು ಓಡಾಡಿದ, ನಕ್ಕಂತಿದ್ದ... ಮನಿಯಾಗೆ ಅವನ ತಮ್ಮನ ಮದಿವಿ ಇತ್ತು. ಡಾಕ್ಟ್ರು ಬ್ಯಾಡ ಬ್ಯಾಡ ಅಂದ್ರು. ಅವನೂ ಒಂದ್ ಮಾತು ಅಂದ, ಪೂರಾ ಮುಗಿಸ್ಕಂಡು ಹೋಗಾನಮ್ಮ ಅಂತ..."

ಆಕೆ ತನ್ನ ಹೆಬ್ಬೆಟ್ಟನ್ನು ಅವನ ಮುಂದೆ ಹಿಡಿದಳು.

"ನಾನೇ ಯಪ್ಪಾ ಹೆಬ್ಬೆಟ್ಟು ಒತ್ತಿದಾಕಿ. ನಾನೇ ಕೈ ಹಿಡದು ಕರ್ಕಂಡು ಹೋದೆ. ಮದಿವಿ ಆದ ಮೂರನೇ ದಿನ ಜ್ವರ ತಿರುಗಿ ಬಂತು. ಹಾರ್ಟಿನಾಗಿನ ಗೂಡಿನ ಚೂರು ತಲಿಗೆ ಹೋಗಿ ಮಾತು ನಿಂತೋತು... ಆಮ್ಯಾಕೆ ಉಸ್ರೂ ನಿಂತೋತು."

ಆಕೆ ಮತ್ತೆ ಒರೆಸುವ ಕೋಲನ್ನು ಕೈಗೆ ತೆಗೆದುಕೊಂಡಳು.

"ಚಪ್ಲಿ ಕೊಡ್ತೀನಿ. ಹೋಗಂಗಿದ್ರೆ ಹೋಗು. ಆದ್ರೆ ಮನಿಯಾಗಿನಾಕಿಗೆ ಒಂದ್ ಮಾತು ಕೇಳು..."

ಗಾದಿಲಿಂಗಪ್ಪ ಸಹಿ ಹಾಕಿದ್ದ ಕಾಗದವನ್ನು ಹರಿದು ಹಾಕಿದ. ಆಮೇಲೆ ಮಂಚದ ಮೇಲೆ ಕುಳಿತು ಅಂಗಿಯ ತೋಳು ಮೇಲೇರಿಸಿದ.

"ಸಿಸ್ಟರ್... ಹನ್ನೆರಡು ಗಂಟೆ ಡೋಸ್ ಟೈಮ್ ಆತಲ್ಲ?"

ಉಳಿದ ದಿನಗಳೇನೂ ಸಲೀಸಾಗಿರಲಿಲ್ಲ. ಚಡಪಡಿಕೆ ಹೋಗಲಿಲ್ಲ. ಒಂದು ಕೈಯ ನರ ಬಾತು ಇನ್ನೊಂದಕ್ಕೆ ಚುಚ್ಚಿದರು. ಎಷ್ಟೋ ಮಧ್ಯಾಹ್ನ ಬಾಗಿಲ ತನಕ ಹೋಗಿ ವಾಪಸ್ ಬಂದ.

ಪುಣೆಯವರ ಜೊತೆ ಸುಂಕಮ್ಮನೇ ಕುಳಿತು ಮಾತಾಡಿದಳು. ಆರ್ಡರ್ ಬಂತು. ತಾನಿಲ್ಲದೆ ಕೆಲಸ ನಡೆದದ್ದು ಈ ಸಲ ಚುಚ್ಚಲಿಲ್ಲ...

ನಲವತ್ತೆರಡನೇ ದಿನ ಕೊನೆಯ ಡೋಸ್ ಮುಗಿಯಿತು. ಎಕೋದಲ್ಲಿ ಹೊಸದಾಗಿ ಏನೂ ಇರಲಿಲ್ಲ. ವಾಲ್ವ್ ಸ್ವಲ್ಪ ಸೋರುತ್ತಿತ್ತು. "ಆಪರೇಷನ್ ಸದ್ಯಕ್ಕೆ ಬೇಡ. ಆದರೆ ಚೆಕಪ್ ತಪ್ಪಿಸಬೇಡಿ. ಜ್ವರ ಬಂದರೆ ಅವತ್ತೇ ಬನ್ನಿ," ಎಂದರು ಡಾಕ್ಟರ್ ಮೇಡಂ.

ಹೊರಡುವಾಗ ಅವನು ಹುಲಿಗೆಮ್ಮನನ್ನು ಹುಡುಕಿಕೊಂಡು ಹೋದ. ಕಾಲು ಮುಟ್ಟಲು ಬಗ್ಗಿದರೆ ಆಕೆ ಗಾಬರಿಯಿಂದ ಹಿಂದೆ ಸರಿದಳು. ಅವನ ಕೈ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿದ್ದ ಜಾಗವನ್ನು ಮೆಲ್ಲಗೆ ಸವರಿದಳು.

"ಭಾಳ ನೋವಾತೇನೋ ಯಪ್ಪಾ..."

ಆರು ವಾರದಲ್ಲಿ ಒಮ್ಮೆಯೂ ಅಳದ ಗಾದಿಲಿಂಗಪ್ಪ, ಆಕೆಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತ.

ಜ್ವರ ಬಿಟ್ಟ ದಿನವೇ ರೋಗ ಬಿಟ್ಟ ದಿನವಲ್ಲ.

ಆರಾಮಾಯ್ತು ಅಂದುಕೊಂಡು ನೀವು ಅರ್ಧಕ್ಕೇ ನಿಲ್ಲಿಸಿದ ಔಷಧಿ ಯಾವುದು... ಅವತ್ತು ಡಾಕ್ಟರನ್ನು ಒಂದು ಮಾತು ಕೇಳಿದ್ದಿರಾ?