ಮೆತ್ತನೆಯ ಶಾಕ್ ಅಬ್ಸಾರ್ಬರ್

ಕಾರಿನ ಸಾಮಾನು ಅಂಗಡಿಯಲ್ಲಿ ಸಿಗುವುದು ನಿಂತು ಹನ್ನೊಂದು ವರ್ಷವಾಗಿತ್ತು. ಭಾನುವಾರದ ರೇಸಿನಲ್ಲಿ ಗೆದ್ದು ಲೆವೆಲ್ ಏರಿದವರಿಗೆ ಮಾತ್ರ ಸರ್ಕಾರ ಪೆಟ್ಟಿಗೆ ಕಳಿಸುತ್ತಿತ್ತು. ಅರವತ್ತೆರಡರ ಚಿಕ್ಕಲಿಂಗಯ್ಯನಿಗೆ ಹೀಗೆ ಎರಡು ಟರ್ಬೊ, ಮೂರು ಸ್ಪಾಯ್ಲರ್ ಬಂದಿದ್ದವು. ಅವನಿಗೆ ಬೇಕಾಗಿದ್ದದ್ದು ಒಂದೇ: ಬೆನ್ನಿನ ಆಪರೇಷನ್ ಆದ ಹೆಂಡತಿ ಸಾಕಮ್ಮ ಕುಲುಕಾಟವಿಲ್ಲದೆ ಆಸ್ಪತ್ರೆಗೆ ಹೋಗಿಬರಲು ಮೆತ್ತನೆಯ ಶಾಕ್ ಅಬ್ಸಾರ್ಬರ್. ಅದನ್ನು ಕೊಡುವುದು ನಲವತ್ತನೇ ಲೆವೆಲ್ಲಿಗೆ.

ಕೊನೆಗೂ ಆ ಲೆವೆಲ್ ಮುಟ್ಟಿ ಪೆಟ್ಟಿಗೆ ಬಂದಿತ್ತು. ಇವತ್ತು ಮಂಡ್ಯದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಲಿಯಾಸ್ ಅದನ್ನು ಕೂರಿಸಿ ಕೈ ಒರೆಸಿಕೊಂಡ. "ಮೊದಲ್ನೇ ಲೆವೆಲ್ಲಿಗೇ ಕೊಟ್ಟಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತಣ್ಣ?" ಎಂದ.

ಚಿಕ್ಕಲಿಂಗಯ್ಯನಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಹೊಸ ಸಾಮಾನು ಹಾಕಿಸಿದಾಗಲೆಲ್ಲ ಮಾಡುವಂತೆ ನಾಲ್ಕು ಚಕ್ರದಡಿಗೂ ನಿಂಬೆಹಣ್ಣಿಟ್ಟು ಸ್ಟೇರಿಂಗ್ ಹಿಡಿದ. ಇಷ್ಟು ದಿನ ಆ ಹಣ್ಣು ಚಕ್ರಕ್ಕೆ ಸಿಕ್ಕಿದರೂ ಸಾಕಮ್ಮನ ಬೆನ್ನು ಚಳಕ್ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಅವಳು ರೂಢಿಯಂತೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಳು.

ಕಾರು ಗ್ಯಾರೇಜು ದಾಟಿ ರಸ್ತೆಗೆ ಬಂತು. ಅವಳಿನ್ನೂ ಕಣ್ಣು ಬಿಟ್ಟಿರಲಿಲ್ಲ.

"ಯಾಕೆ, ಈ ಸಲ ನಿಂಬೆಹಣ್ಣು ಮಡಗ್ನಿಲ್ವಾ?" ಎಂದಳು.